ಗಂಟು ತೆಗೆದರೆ ಬೀಜ ಹೆಚ್ಚಾದ ದಿನ

ಆ ದಿನ ಮೋಡ ಕವಿದಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಬಿತ್ತನೆಯ ಮಾತು ಬಂದ ಕೂಡಲೇ ನನ್ನ ನೆನಪು ತಾನೇ ಹೋಗಿ ಒಂದಿಷ್ಟು ಮೋಡ ತಂದು ನಿಲ್ಲಿಸುತ್ತದೆ. ಮೋಡ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹಿಂದಿನ ವಾರ ಮಳೆ ಬಿದ್ದಿತ್ತು, ನೆಲೋಗಿಯ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಾಗದಷ್ಟು ಭಾರವಾಗಿತ್ತು. ಇದಕ್ಕೆ ಮಾತ್ರ ನಾನು ಜವಾಬ್ದಾರ. ಉಳಿದದ್ದರಲ್ಲಿ ಎಲ್ಲಿ ಅನುಮಾನವಿದೆಯೋ ಅಲ್ಲಲ್ಲೇ ಹೇಳುತ್ತೇನೆ.

ನನ್ನ ಕೆಲಸ ಆಗ ಹೊಸದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಕೆಲವು ಊರುಗಳ ಹೆಣ್ಣುಮಕ್ಕಳು ಸೇರಿ ಬೀಜದ ಬ್ಯಾಂಕು ನಡೆಸುತ್ತಿದ್ದರು. ಒಂದೇ ಬೀಜ: ಹಿಂಗಾರಿಯ ಬಿಳಿಜೋಳ. ಆಳೆತ್ತರ ಬೆಳೆಯುವ, ರೊಟ್ಟಿ ಬಡಿದರೆ ಹರಿಯದ, ಕಣಿಕೆ ದನಗಳು ಬಿಡದೆ ತಿನ್ನುವ ಹಳೆಯ ತಳಿ. ಅಂಗಡಿಯಲ್ಲಿ ಸಿಗುವುದಿಲ್ಲ. ಅಂಗಡಿಯ ಜೋಳ ಮೊಣಕಾಲಿಗೆ ಬಂದು ತೆನೆ ಹಾಕುತ್ತದೆ, ಕಣಿಕೆ ಎನ್ನುವುದು ಹೆಸರಿಗೆ ಮಾತ್ರ. ಈ ಬೀಜದ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುವುದು, ಹಂಚಿಕೆಯ ದಿನ ರಿಪೋರ್ಟು ತೆಗೆದುಕೊಡುವುದು, ಇಷ್ಟೇ ನನ್ನ ಕೆಲಸ. ಡೇಟಾಬೇಸು ಕಟ್ಟಿದವನು ನನಗಿಂತ ಮೊದಲಿದ್ದ ಹುಡುಗ. ಬೇರೆ ಕೆಲಸ ಸಿಕ್ಕು ಹೋಗಿದ್ದ. ನನಗೆ ಉಳಿದದ್ದು ಅವನ ಲ್ಯಾಪ್‌ಟಾಪು, ಅಂಗೈಯಗಲದ ಇಂಗ್ಲಿಷ್ ಚೀಟಿಯಲ್ಲಿ ಪಾಸ್‌ವರ್ಡು, ಮತ್ತು ಒತ್ತಿದರೆ ಹಾಳೆ ಉಗುಳುವ ಒಂದು ಗುಂಡಿ.

ಆ ಹೆಣ್ಣುಮಕ್ಕಳಲ್ಲಿ ಒಂದು ಪದ್ಧತಿ ಇತ್ತು. ನನಗೆ ಮೊದಲು ಅದು ಹುಚ್ಚು ಅನಿಸಿತ್ತು. ಬೀಜದಲ್ಲಿ ಬಹುಪಾಲು ಬರುತ್ತಿದ್ದುದು ಕರಜಗಿಯಿಂದ. ಅಲ್ಲಿ ನೀರಾವರಿ ಇದೆ, ಕಬ್ಬಿನ ಪಕ್ಕದ ಒಂದು ಹೊಲವನ್ನು ಬೀಜಕ್ಕೆಂದೇ ಬಿಟ್ಟಿದ್ದರು. ಆದರೆ ಬ್ಯಾಂಕು ಕರಜಗಿಯವರದೇ ಆಗಬಾರದು, ಪ್ರತಿ ಮನೆಯದೂ ಆಗಬೇಕು ಎಂದು ಮಟಕಿ ಮತ್ತು ನೆಲೋಗಿಯ ಮನೆಗಳು ತಮ್ಮ ಪಾಲಿನ ಅರ್ಧ ಕಿಲೊ ಜೋಳವನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಡುತ್ತಿದ್ದವು. ಹೊಲ ಇರಲಿ, ಇಲ್ಲದಿರಲಿ, ಗಂಟು ಇರಬೇಕು. ಒಬ್ಬರ ಗಂಟಿನ ಬೀಜ ಇನ್ನೊಬ್ಬರ ಗಂಟಿಗೆ ಬೆರೆಸುವಂತಿರಲಿಲ್ಲ. ಪ್ರತಿ ಗಂಟಿನಿಂದ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಕೆಲವು ದಿನ ಬಿಟ್ಟು ಎಷ್ಟು ಮೊಳೆತಿವೆ ಎಂದು ನೋಡುತ್ತಿದ್ದರು. ಪ್ರತಿ ಗಂಟಿಗೂ ಡೇಟಾಬೇಸಿನಲ್ಲಿ ಅದರದೇ ಒಂದು ಸಾಲು. ಕರಜಗಿಯ ಎರಡು ಕ್ವಿಂಟಲ್ ಚೀಲಗಳಿಗೂ ಒಂದೇ ಸಾಲು, ಅರ್ಧ ಕಿಲೊ ಗಂಟಿಗೂ ಒಂದು ಸಾಲು.

ಹಂಚಿಕೆ ಆ ವರ್ಷ ನೆಲೋಗಿಯಲ್ಲಿ, ಒಬ್ಬರ ಮನೆಯ ಪಡಸಾಲೆಯಲ್ಲಿ. ಕರಜಗಿಯವರು ಟಂಟಂ ರಿಕ್ಷಾದಲ್ಲಿ ಚೀಲ ಹಾಕಿಕೊಂಡು ತಾವೂ ಅದರ ಮೇಲೆಯೇ ಕುಳಿತು ಬಂದಿದ್ದರು. ನಾನು ಆಳಂದದಿಂದ ಬಸ್ಸು ಬದಲಿಸುತ್ತ, ಪ್ರಿಂಟರನ್ನು ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದೆ. ಗಂಟುಗಳು ಗೋಡೆಗುಂಟ ಸಾಲಾಗಿ ಕುಳಿತಿದ್ದವು. ಗುಂಡಿ ಒತ್ತಿದೆ. ಎರಡು ಹಾಳೆ ಬಂದವು. ಕೊನೆಯ ಹಾಳೆಯ ತಳದಲ್ಲಿ ಒಟ್ಟು: ನಾಟುವ ಬೀಜ, ಅಂದರೆ ಬಿತ್ತಿದರೆ ಮೊಳೆಯುವಷ್ಟು, ನೂರಾ ಹನ್ನೆರಡು ಕಿಲೊ.

ಅಧ್ಯಕ್ಷೆ ಮಟಕಿಯವರು, ಎಲ್ಲರೂ ಅಕ್ಕ ಎನ್ನುತ್ತಿದ್ದ ಗಟ್ಟಿ ದನಿಯ ಹೆಂಗಸು. ಅವರಿಗೆ ಬೇಕಾದದ್ದು ಒಟ್ಟು ಮಾತ್ರ. ಕೊನೆಯ ಹಾಳೆ ಕಿತ್ತುಕೊಂಡರು. ಮೊದಲ ಹಾಳೆ ಕರಜಗಿಯ ಒಬ್ಬಳ ಕೈಯಲ್ಲಿ ಬೀಸಣಿಗೆಯಾಯಿತು.

‘ನೂರಾ ಹನ್ನೆರಡು,’ ಅಂದರು ಅಕ್ಕ. ‘ಹಳಬರು ಕೇಳಿದ್ದು ನೂರಾ ಹತ್ತು. ಉಳದದ್ದು ಎರಡು. ಏನವ್ವಾ, ಎರಡ ಕಿಲೊ ಒಯ್ತಿ ಏನು?’

ಕೇಳಿದ್ದು ಬಾಗಿಲ ಹತ್ತಿರ ನಿಂತಿದ್ದವಳನ್ನು. ಆ ವರ್ಷ ಹೊಸಬಳೆಂದರೆ ಆಕೆ ಒಬ್ಬಳೇ. ನೆಲೋಗಿಯವಳೇ. ಬುದ್ಧನ ಪಟ ಇರುವ ಓಣಿಯವಳು. ಮದುವೆಯಾಗಿ ಬಂದಾಗಿನಿಂದ ಬೇರೆಯವರ ಕೂರಿಗೆಯ ಹಿಂದೆ ನಡೆದು, ಅದರ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಟ್ಟು ಬಿತ್ತಿದವಳು. ಈ ಜೋಳವನ್ನು ಬಿತ್ತಿ, ಕೊಯ್ದು, ತೆನೆ ಮುರಿದು ಕೊಟ್ಟವಳು. ಸರಕಾರದ ಯೋಜನೆಯಲ್ಲಿ ಆಕೆಯ ಹೆಸರಿಗೆ ಎರಡು ಎಕರೆ ಬಂದಿತ್ತು, ಆ ಹಿಂಗಾರಿಯೇ ಮೊದಲ ಬಿತ್ತನೆ. ಎಕರೆಗೆ ಮೂರರಂತೆ ಆರು ಕಿಲೊ ಬೇಕಿತ್ತು. ಬ್ಯಾಂಕಿನ ನಿಯಮ ಹಳಬರಿಗೆ ಮೊದಲು, ಉಳಿದರೆ ಹೊಸಬರಿಗೆ. ನೆಲದ ಹದ ಆರುತ್ತಿತ್ತು. ಅವತ್ತು ಸಿಗದಿದ್ದರೆ ಸಂಜೆಯೊಳಗೆ ಜೇವರ್ಗಿಗೆ ಹೋಗಿ ಅಂಗಡಿಯ ಗಿಡ್ಡ ಜೋಳ ತರಬೇಕು.

‘ಎರಡ ಕಿಲೊ ಒಯ್ದು ರೊಟ್ಟಿ ಬಡೀಲೇನ್ರಿ, ಅಕ್ಕಾರ?’ ಅಂದಳು ಆಕೆ. ‘ಎರಡ ಎಕರೆ ಹೊಲ ಅದರಿ.’

‘ನಾ ಏನ್ ಮಾಡ್ಲಿ? ಮಶೀನ ಹೇಳ್ತದ.’

‘ಮಶೀನಕ್ಕ ಇನ್ನೊಮ್ಮೆ ಕೇಳ್ರಿ, ಜರಾ.’

ಎಲ್ಲರೂ ನಕ್ಕರು. ಅಕ್ಕ ನನ್ನತ್ತ ಹಾಳೆ ಚಾಚಿ, ‘ಸಾಲು ಸಾಲು ಓದ್ರಿ ಸರ, ಎಲ್ಲಾರ ಎದುರಾ. ಯಾರಿಗೂ ಸಂಶೆ ಬ್ಯಾಡ,’ ಅಂದರು. ಅದು ನೆಲೋಗಿಯ ಗಂಟುಗಳ ಹಾಳೆ. ಓದತೊಡಗಿದೆ. ಇಂಥವರ ಗಂಟು, ಅರವತ್ತು ಮೊಳಕೆ. ಇಂಥವರದು, ಐವತ್ತು. ಹೀಗೇ ಹೋಗುತ್ತ ಒಂದು ಸಾಲಿಗೆ ಬಂದು, ಯೋಚನೆಯಿಲ್ಲದೆ, ‘ಸೊನ್ನೆ’ ಎಂದುಬಿಟ್ಟೆ.

ಆ ಗಂಟು ಊರಿನ ಹಿರಿಯ ಮುದುಕಿಯದು, ಎಲ್ಲರಿಗೂ ಆಯಿ. ಹೊಲ ಬಿಟ್ಟು ಬಹಳ ಕಾಲವಾಗಿತ್ತು. ತನ್ನ ಕೊನೆಯ ಸುಗ್ಗಿಯ ಜೋಳವನ್ನು ಮಡಕೆಯಲ್ಲಿ ಇಟ್ಟುಕೊಂಡು ವರ್ಷವರ್ಷವೂ ಅದರಿಂದಲೇ ಅರ್ಧ ಕಿಲೊ ಕೊಡುತ್ತಿದ್ದಳು. ಆ ಕಾಳು ಸತ್ತು ಎಷ್ಟು ದಿನವಾಗಿತ್ತೋ.

‘ನೋಡ್ರಿ ಇವನ! ನನ್ನ ಬೀಜ ಸೊನ್ನಿ ಅಂತ ಊರ ಮುಂದ ಒದರಾಕತ್ತಾನ!’ ಕೋಲು ಊರಿ ಎದ್ದಳು. ‘ಕೊಡಲೇ ನನ್ನ ಗಂಟ. ನನ್ನ ಜೋಳ ನನಗ ಭಾರಿಲ್ಲ.’

‘ಆಯಿ, ನಾ ಹೇಳಿಲ್ಲ. ಒದ್ದಿ ಅರಬ್ಯಾಗ ಕಟ್ಟಿ ನೋಡಿದವರು ಬರಸ್ಯಾರ.’

‘ಅವರ ಅರಬಿ ಒದ್ದಿ ಇತ್ತೋ ಇಲ್ಲೋ ನೀ ಮುಟ್ಟಿ ನೋಡಿದ್ದಿ ಏನು?’

ಅಕ್ಕನಿಗೆ ಜಗಳ ಬೇಡವಾಗಿತ್ತು. ‘ಕೊಟ್ಟುಬಿಡ್ರಿ ಸರ. ಸಾಲೂ ತಗದುಬಿಡ್ರಿ.’

ಗಂಟು ಎತ್ತಿ ಆಯಿಯ ಕೈಗೆ ಕೊಟ್ಟೆ. ಡೇಟಾಬೇಸಿನಲ್ಲಿ ಆ ಸಾಲಿಗೆ ಬಂದು ಅಳಿಸಿದೆ. ರಿಪೋರ್ಟು ಮತ್ತೆ ತೆರೆದೆ.

ನೂರಾ ಹದಿನೈದು.

ಅಳಿಸಿದ್ದು ತಪ್ಪಿರಬೇಕು ಎಂದುಕೊಂಡೆ. ಇಲ್ಲ, ಸಾಲು ಹೋಗಿತ್ತು. ಬೀಜದ ಒಂದು ಗಂಟು ಮನೆಯಿಂದ ಹೊರಗೆ ಹೊರಟಿತ್ತು, ಮನೆಯೊಳಗಿನ ಬೀಜ ಮೂರು ಕಿಲೊ ಹೆಚ್ಚಾಗಿತ್ತು. ನಾನು ಬಾಯಿ ತಪ್ಪಿ ಜೋರಾಗಿ ಓದಿದೆ. ಮೊದಲು ನಕ್ಕವರು ಯಾರು ಎಂಬುದಕ್ಕೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ ಕರಜಗಿಯವಳು, ಇನ್ನೊಂದರಲ್ಲಿ ನಾನೇ. ಎರಡೂ ಅಷ್ಟೇ ಸ್ಪಷ್ಟ. ಅದಕ್ಕೇ ಎರಡನ್ನೂ ನಂಬುವುದಿಲ್ಲ.

‘ಯವ್ವಾ! ಆಯಿ ಎದ್ದ ಕೂಡಲೇ ಬೀಜ ಹೆಚ್ಚಾದ್ವು!’

ಆಯಿ ಹೊಸ್ತಿಲಲ್ಲೇ ತಿರುಗಿದಳು. ‘ಹಂಗಾರ ನಾ ಸತ್ತರ ನಿಮ್ಮ ಕಣಜ ತುಂಬಿ ಚೆಲ್ಲತದೇನು, ರಂಡೇರ್ಯಾ?’

ಪಡಸಾಲೆ ಪಡಸಾಲೆಯಾಗಿ ಉಳಿಯಲಿಲ್ಲ. ನೆಲೋಗಿಯ ಇನ್ನೊಬ್ಬಳು ಮುಂದೆ ಬಂದು, ‘ನಂದೂ ತಗೀರಿ ಸರ. ನಂದೂ ಹತ್ತ ಮೊಳಕಿಗೇ ನಿಂತದ,’ ಅಂದಳು. ಅಕ್ಕ ಬೇಡ ಎನ್ನುವ ಮೊದಲೇ ನನ್ನ ಬೆರಳು ಆ ಸಾಲನ್ನು ಅಳಿಸಿತ್ತು. ನೂರಾ ಹದಿನೇಳು! ‘ಮತ್ತ ಏರಿತು!’ ಎಂದು ನಾನು ಕೂಗಿದೆ. ‘ನಂದು ತಗೀರಿ’, ‘ನಂದು ಇಪ್ಪತ್ತದ, ನಂದೂ ತಗೀರಿ’ ಎಂದು ಎಲ್ಲ ಕಡೆಯಿಂದ ಕೈ ಎದ್ದವು. ಬೀಜ ತೆಗೆದಷ್ಟೂ ಬೀಜ! ಕಂಪ್ಯೂಟರು ತಪ್ಪು ಹೇಳಿದ್ದನ್ನು ನಾನು ಮೊದಲೂ ನೋಡಿದ್ದೆ. ಇಷ್ಟು ಶಿಸ್ತಾಗಿ, ಮೆಟ್ಟಿಲು ಹತ್ತಿದಂತೆ ತಪ್ಪು ಹೇಳುವುದನ್ನು ನೋಡಿರಲಿಲ್ಲ.

‘ಸಾಕು, ನಿಲ್ಲಸ್ರಿ!’ ಅಕ್ಕನ ದನಿಗೆ ಎಲ್ಲ ಸುಮ್ಮನಾದರು. ‘ನೂರಾ ಹದಿನೇಳು ಅಂದ್ರ ಏಳು ಉಳೀತು. ಆ ಹೊಸಬಾಕಿಗೆ ಆರು ಹೋತು. ಆಕಿ ಕೆಲಸಾನೂ ಆತು, ನಮ್ಮ ಕೆಲಸಾನೂ ಆತು. ಪ್ರಿಂಟ್ ಹೊಡೀರಿ ಸರ, ಊಟ ಮಾಡೂನು.’

ಒಪ್ಪಬಹುದಿತ್ತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಬೇಡ ಎಂದವಳು ಬೀಜ ಸಿಗಬೇಕಾದವಳೇ.

‘ಬ್ಯಾಡ್ರಿ, ಅಕ್ಕಾರ. ಇದ್ದದ್ದು ತಗದ ಮ್ಯಾಲೆ ಹೆಚ್ಚಾಗೂ ಬೀಜ ನನ್ನ ಹೊಲದಾಗ ನಾಟ್ತಾವೇನ್ರಿ? ನಾಳಿಗಿ ಹಳಬರಿಗೆ ಕಮ್ಮಿ ಬಿತ್ತಂದ್ರ ಯಾರ ಹೆಸರ ಹೇಳ್ತಾರ? ನಂದ ಹೇಳ್ತಾರ.’

‘ಏ, ಯಾರ್ ಹೇಳ್ತಾರಬೇ ಹಂಗ?’

‘ನೀವೇ ಹೇಳ್ತೀರಿ,’ ಅಂದಳು. ನಗುತ್ತಲೇ ಅಂದಳು. ಪಡಸಾಲೆಯಲ್ಲಿ ಯಾರೂ ಅಲ್ಲಗಳೆಯಲಿಲ್ಲ.

ಬೀಸಣಿಗೆಯಾಗಿದ್ದ ಮೊದಲ ಹಾಳೆಯನ್ನು ನಾನು ಆಗ ಕೇಳಿ ಇಸಿದುಕೊಂಡೆ. ಯಾಕೆ ಇಸಿದುಕೊಂಡೆ? ಹೊಳೆಯಿತು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಹೊಳೆದಿರಲಿಲ್ಲ. ಕೈಗೆ ಏನಾದರೂ ಬೇಕಿತ್ತು, ಅಷ್ಟೇ. ಹಾಳೆಯ ಮೇಲ್ತುದಿಯಲ್ಲಿ ಕರಜಗಿಯ ಸಾಲು. ತೂಕ ಇನ್ನೂರು ಕಿಲೊ, ಮೊಳಕೆ ನೂರಕ್ಕೆ ತೊಂಬತ್ತು, ಅದರ ಮುಂದೆ ಕಂಪ್ಯೂಟರು ತಾನೇ ಗುಣಿಸಿ ಬರೆದದ್ದು, ನಾಟುವ ಬೀಜ ನೂರಾ ಎಂಬತ್ತು.

ನೂರಾ ಎಂಬತ್ತು, ಮೊದಲ ಸಾಲಿನಲ್ಲೇ! ಎಲ್ಲ ಸಾಲು ಸೇರಿದ ಒಟ್ಟು ನೂರಾ ಹನ್ನೆರಡು!

‘ಅಕ್ಕಾ, ಅಕ್ಕಾ, ಇಲ್ಲಿ ನೋಡ್ರಿ, ಇವರದೊಂದ ನೂರಾ ಎಂಬತ್ತು!’

ಕರಜಗಿಯವಳು ಹಾಳೆಗೆ ಬಗ್ಗಿದಳು. ‘ಅಯ್ಯ, ನಮ್ಮದೊಂದ ನೂರಾ ಎಂಬತ್ತಾದ್ರ ಎಲ್ಲಾರದೂ ಕೂಡಿ ಅದಕ್ಕಿಂತ ಕಮ್ಮಿ ಹೆಂಗ? ಮಗ ಅಪ್ಪನಕಿಂತ ಮೊದಲ ಹುಟ್ಟ್ಯಾನೇನ್ರಿ?’

ಮೊದಲ ಹಾಳೆ ಒಬ್ಬರ ಕೈಯಲ್ಲಿ, ಕೊನೆಯ ಹಾಳೆ ಇನ್ನೊಬ್ಬರ ಕೈಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ಒಟ್ಟು ಎಂದು ಬರೆದ ಜಾಗಕ್ಕೆ ಅಂಥದೊಂದು ಗತ್ತು ಇದೆ. ಅದನ್ನು ಕಂಡರೆ ಮೇಲಿನ ಸಾಲುಗಳನ್ನು ಯಾರೂ ಮಾತಾಡಿಸುವುದಿಲ್ಲ.

ರಿಪೋರ್ಟಿನ ಹೊಟ್ಟೆ ಬಿಚ್ಚಿದೆ. ತಳದ ಒಟ್ಟಿನ ಹಿಂದೆ ಇದ್ದ ಸೂತ್ರ ಕಂಡಿತು. ಹಳೆಯ ಹುಡುಗ ಸಾಲಿನ ಗುಣಾಕಾರಗಳನ್ನು ಕೂಡಿಯೇ ಇರಲಿಲ್ಲ. ಎಲ್ಲ ತೂಕವನ್ನೂ ಒಟ್ಟು ಮಾಡಿದ್ದ, ಎಲ್ಲ ಮೊಳಕೆಗಳ ಸರಾಸರಿ ತೆಗೆದಿದ್ದ, ಒಂದರಿಂದ ಇನ್ನೊಂದನ್ನು ಗುಣಿಸಿದ್ದ. ನೋಡಲು ತಪ್ಪೇ ಇಲ್ಲ. ಬೇರೆ ಯಾವ ಬ್ಯಾಂಕಿನಲ್ಲಾದರೂ, ಎಲ್ಲ ಚೀಲಗಳೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದರೆ, ಇದು ಎಂದೂ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಇಲ್ಲಿ ಗಂಟುಗಳಿದ್ದವು! ಪ್ರತಿ ಮನೆಗೂ ಒಂದು ಸಾಲು ಎಂಬ ಹಟ ಇತ್ತು! ಸರಾಸರಿ ತೆಗೆಯುವಾಗ ಅರ್ಧ ಕಿಲೊ ಗಂಟಿನ ಮೊಳಕೆಗೂ ಎರಡು ಕ್ವಿಂಟಲ್ಲಿನ ಮೊಳಕೆಗೂ ಒಂದೇ ಬೆಲೆ. ಕರಜಗಿಯ ಒಂದು ತೊಂಬತ್ತರ ಎದುರು ನಲವತ್ತು ಗಂಟುಗಳ ಐವತ್ತು, ಇಪ್ಪತ್ತು, ಸೊನ್ನೆಗಳು ನಿಂತು ಅದನ್ನು ಐವತ್ತೊಂದರ ಹತ್ತಿರಕ್ಕೆ ಎಳೆದುಹಾಕಿದ್ದವು. ಆಮೇಲೆ ಆ ಐವತ್ತೊಂದು ಹೋಗಿ ಕರಜಗಿಯ ಚೀಲಗಳ ಮೇಲೆಯೇ ಕುಳಿತಿತ್ತು. ಆಯಿಯ ಸೊನ್ನೆ ತೆಗೆದರೆ ಸರಾಸರಿ ಏರದೆ ಇನ್ನೇನು ಮಾಡೀತು?

ಹಾಗಾದರೆ ಸಾಲುಗಳ ಕೊನೆಯ ಅಂಕಿಯನ್ನೇ ನೇರ ಕೂಡಿದರಾಯಿತು. ಸೂತ್ರ ಅಳಿಸಿ, ‘ನಾಟುವ ಬೀಜ’ ಎಂಬ ಕಾಲಮ್ಮನ್ನು ಕೂಡು ಎಂದು ಬರೆದೆ. ಒತ್ತಿದೆ. ಪರದೆಯ ನಡುವೆ ಸಣ್ಣ ಪೆಟ್ಟಿಗೆಯೊಂದು ಎದ್ದಿತು. ಅದರಲ್ಲಿ ‘ನಾಟುವ ಬೀಜ’ ಎಂದಷ್ಟೇ ಬರೆದು, ಕೆಳಗೆ ಖಾಲಿ ಜಾಗ ಬಿಟ್ಟಿತ್ತು. ಅಂದರೆ ಅದೇ ನನ್ನನ್ನು ಕೇಳುತ್ತಿತ್ತು: ಹಾಗಂದರೇನು?

‘ಏನಂತದ?’ ಅಕ್ಕ ನನ್ನ ಹೆಗಲ ಮೇಲಿಂದ ಇಣುಕಿದರು.

‘ನಾಟೂ ಬೀಜ ಎಷ್ಟು ಅಂತ ನಮಗ ಕೇಳಾಕತ್ತದ.’

‘ಛಲೋ ಆತು! ನಾವು ಇದಕ್ಕ ಕೇಳೂದು, ಇದು ನಮಗ ಕೇಳೂದು!’

ಹಳೆಯ ಹುಡುಗ ಅಡ್ಡದಾರಿ ಹಿಡಿದದ್ದು ಯಾಕೆಂದು ಈಗ ತಿಳಿಯಿತು. ಅವನೂ ಈ ಪೆಟ್ಟಿಗೆಯ ಮುಂದೆ ಕುಳಿತಿದ್ದಾನೆ, ಇದನ್ನು ದಾಟಲಾಗದೆ ಪಕ್ಕದಿಂದ ಹೋಗಿದ್ದಾನೆ. ತೂಕ, ಮೊಳಕೆ ಇವು ಡೇಟಾಬೇಸಿನಲ್ಲಿ ತುಂಬಿಟ್ಟ ಅಂಕಿಗಳು. ಅವು ಅಲ್ಲೇ ಇರುತ್ತವೆ. ನಾಟುವ ಬೀಜ ಎಲ್ಲೂ ಇಲ್ಲ. ಸಾಲು ಹಾಳೆಗೆ ಇಳಿಯುವಾಗ ಗುಣಾಕಾರವಾಗಿ ಹುಟ್ಟುತ್ತದೆ, ಸಾಲು ದಾಟಿದ ಮೇಲೆ ಯಂತ್ರಕ್ಕೆ ಅದರ ಹೆಸರೂ ನೆನಪಿಲ್ಲ. ಹೆಸರು ಹಿಡಿದು ಕರೆದರೆ ಬರುವುದಿಲ್ಲ. ತಳದಲ್ಲಿ ನಿಂತು ಮತ್ತೆ ಮೊದಲಿನಿಂದ, ಪ್ರತಿ ಸಾಲಿನ ತೂಕವನ್ನು ಅದರದೇ ಮೊಳಕೆಯಿಂದ ಗುಣಿಸಿ, ಆಮೇಲೆ ಕೂಡು ಎಂದು ಹೇಳಬೇಕು. ಮೊದಲು ಗುಣಾಕಾರ, ಕೂಡುವುದು ಅದರ ಹೊರಗೆ. ಆವರಣದೊಳಗೆ ಇನ್ನೊಂದು ಆವರಣ. ಅವಸರದಲ್ಲಿ ಒಂದು ಆವರಣ ತಪ್ಪಿತು. ಮತ್ತೆ ಬರೆದೆ. ಒತ್ತಿದೆ.

ನೂರಾ ತೊಂಬತ್ತು.

‘ನೂರಾ ತೊಂಬತ್ತು!’ ಎಂದು ಎದ್ದು ನಿಂತೆ. ಲ್ಯಾಪ್‌ಟಾಪು ಜಾರಿ ಜೋಳದ ಚೀಲದ ಮೇಲೆ ಬಿತ್ತು.

‘ಮೊದಲು ಒಂದು ಹೇಳ್ತು, ಆಮ್ಯಾಲೆ ಒಂದು, ಈಗ ಒಂದು,’ ಅಂದರು ಅಕ್ಕ. ‘ಯಾವ ಸುಳ್ಳ ನಂಬ್ಲಿ?’

‘ನಂಬಬ್ಯಾಡ್ರಿ. ಬಾಯಿಲೆ ಮಾಡೂನು. ಕರಜಗಿದು ನೂರಾ ಎಂಬತ್ತು. ಗಂಟೆಲ್ಲಾ ಕೂಡಿ ಇಪ್ಪತ್ತು ಕಿಲೊ. ಎಲ್ಲಾ ಗಂಟೂ ಒಂದೇ ತೂಕ, ಒಂದಕ್ಕೊಂದು ಹಿಡದು ಅರ್ಧ ನಾಟ್ಯಾವ. ಎಷ್ಟಾತು?’

‘ಹತ್ತು,’ ಅಂದಳು ಬಾಗಿಲ ಬಳಿಯವಳು, ಎಲ್ಲರಿಗಿಂತ ಮೊದಲು. ಆಕೆಗೆ ಅವಸರವಿತ್ತು.

ನೂರಾ ಎಂಬತ್ತು, ಹತ್ತು. ಅಕ್ಕ ಬೆರಳು ಮಡಚಿ, ಬಿಚ್ಚಿ, ತಲೆಯಾಡಿಸಿದರು.

ತೆಗೆದ ಎರಡು ಸಾಲನ್ನೂ ನಾನು ಮತ್ತೆ ತುಂಬಿದೆ, ಆಸೆ ತಡೆಯದೆ. ಆಯಿಯ ಸಾಲು ಇಟ್ಟೆ, ನೂರಾ ತೊಂಬತ್ತು. ತೆಗೆದೆ, ನೂರಾ ತೊಂಬತ್ತು. ಇಟ್ಟೆ. ಅಲುಗಲಿಲ್ಲ! ಆಯಿ ಹೊಸ್ತಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದಳು.

‘ಅಂದ್ರ ನಾ ಇದ್ರೂ ಅಷ್ಟ, ಹೋದ್ರೂ ಅಷ್ಟ ಅನ್ನು.’

‘ಈ ಒಟ್ಟಿನಾಗ ಅಷ್ಟ, ಆಯಿ. ನಿನ್ನ ಸಾಲು ಇರತದ. ಯಾರಿಗೂ ಕಮ್ಮಿ ಮಾಡಂಗಿಲ್ಲ.’

ಆಯಿ ಸ್ವಲ್ಪ ಹೊತ್ತು ನಿಂತಳು. ‘ಕಮ್ಮಿ ಮಾಡಲಿಲ್ಲಂದ್ರ ಇರಲಿ,’ ಎಂದು ಗಂಟನ್ನು ನನ್ನ ಕಡೆ ಒಗೆದು, ಗೋಡೆಗೆ ಒರಗಿ ಕುಳಿತಳು.

ಈಗ ಇದನ್ನು ಬರೆಯುವಾಗ ಅನುಮಾನ ಬರುತ್ತದೆ. ಆ ಮಧ್ಯಾಹ್ನವನ್ನು ನಾನು ಹೇಗೆ ಒಟ್ಟು ಮಾಡುತ್ತಿದ್ದೇನೆ? ನನ್ನ ನೆನಪಿನಲ್ಲಿ ಆಯಿಯ ಬೈಗುಳಕ್ಕೂ, ಪೆಟ್ಟಿಗೆ ಎದ್ದ ಕ್ಷಣಕ್ಕೂ, ಬಾಗಿಲ ಬಳಿ ನಿಂತವಳ ಮುಖಕ್ಕೂ ಒಂದೇ ತೂಕ. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದು ‘ಖುಷಿಯ ದಿನ’ ಎಂದು ಇಟ್ಟುಬಿಟ್ಟಿದೆ. ಆ ಪದ ನನಗೆ ಸಾಲದು. ಆಯಿ ಹೊಸ್ತಿಲಲ್ಲಿ ನಿಂತ ಸ್ವಲ್ಪ ಹೊತ್ತು ಖುಷಿಯದಾಗಿರಲಿಲ್ಲ. ‘ನೀವೇ ಹೇಳ್ತೀರಿ’ ಎಂದಾಗ ಪಡಸಾಲೆ ಸುಮ್ಮನಾದದ್ದೂ ಖುಷಿಯದಲ್ಲ. ಅವನ್ನು ಅವುಗಳದೇ ತೂಕದಲ್ಲಿ ಇಡಬೇಕು. ಇಟ್ಟರೂ, ಹೇಳುತ್ತೇನೆ, ಆ ದಿನ ನನಗೆ ಜೋರು ಜ್ವರ ಬಂದಂಥ ಸಂತೋಷವಿತ್ತು.

ಒಟ್ಟು ಏರಿದ್ದೇ ತಡ, ಹಳಬರ ಕೈ ಮತ್ತೆ ಎದ್ದವು.

‘ಹಂಗಾರ ಎಂಬತ್ತ ಕಿಲೊ ಉಳೀತು. ನಂದು ಇನ್ನೆರಡ ಎಕರೆ ಬರೀರಿ ಸರ.’

‘ನಮ್ಮ ಮೈದುನಂದೂ ಅದ, ಮೂರ ಎಕರೆ.’

‘ಹಳಬರಿಗೆ ಮೊದಲ ಅಂತ ನಿಯಮ ಅದಲ್ಲ, ಅಕ್ಕಾ?’

ಬಾಗಿಲ ಬಳಿಯವಳು ತಾನು ತಂದಿದ್ದ ಖಾಲಿ ಚೀಲವನ್ನು ಸಣ್ಣದಾಗಿ ಮಡಚತೊಡಗಿದಳು. ಅದನ್ನು ಅಕ್ಕ ನೋಡಿದರು ಎಂದು ನನ್ನ ನಂಬಿಕೆ, ನೋಡದೆಯೂ ಹೇಳಿರಬಹುದು.

‘ಕೇಳೂಮುಂದ ಕೇಳಿದ್ದು ಕೇಳಿದ್ದು. ಮಶೀನ ಹೆಚ್ಚು ತೋರಸ್ತಂತ ಹೊಲ ಹೆಚ್ಚಾಗ್ತಾವೇನಬೇ ನಿಮ್ಮವು? ಆಕಿ ಮುಂಜಾನಿಂದ ಆರ ಕಿಲೊ ಅಂದಾಳ, ಆರ ಕಿಲೊ. ತೂಗ್ರಿ.’

ಕರಜಗಿಯವಳು ಚೀಲದ ಬಾಯಿ ಬಿಚ್ಚಿದಳು. ನೂರಕ್ಕೆ ತೊಂಬತ್ತು ನಾಟುವ ಬೀಜ, ಹಾಗಾಗಿ ಆರು ಕಿಲೊ ಕೈಗೆ ಹತ್ತಬೇಕಾದರೆ ಆರೂಮುಕ್ಕಾಲಿನ ಹತ್ತಿರ ತೂಗಬೇಕು ಎಂದೆ. ಈ ಸಲ ಯಾರೂ ವಾದಿಸಲಿಲ್ಲ. ಕಾಳು ತಕ್ಕಡಿಗೆ ಸುರಿಯಿತು. ಹೊಸಬಳು ಚೀಲ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಾಳು ಬೀಳುವಾಗ ಚೀಲದೊಳಗೆ ಕೈ ಇಟ್ಟೇ ಇದ್ದಳು, ಬೇರೆ ಯಾರದೋ ಬಟ್ಟಲಿಗೆ ಬಿಡುವಂತೆ ಬೆರಳು ತೆರೆದು, ಆಮೇಲೆ ಮುಚ್ಚಿದಳು.

‘ಮುಂದಿನ ವರ್ಷ ನಿಂದೂ ಒಂದು ಗಂಟು ತರಬೇಕವ್ವಾ,’ ಅಂದರು ಅಕ್ಕ. ‘ಹೊಸ ಸಾಲು ಹಾಕ್ತಾರ ಸರ.’

‘ಗಂಟ್ಯಾಕ್ರಿ, ಚೀಲ ತರ್ತೇನಿ.’

‘ಅಬ್ಬಾ, ಇನ್ನಾ ಬಿತ್ತಿಲ್ಲ, ಮಾತ ನೋಡ ಈಕಿದು!’

ಊಟಕ್ಕೆ ಎಲೆ ಹಾಕುತ್ತಿದ್ದರು. ಕೂಡು ಎಂದರು, ಆಕೆ ಕೂಡಲಿಲ್ಲ. ಚೀಲದ ಬಾಯಿ ಕಟ್ಟಿ ತಲೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಕಿವಿಗೆ ಒತ್ತಿಕೊಂಡು, ಅಂಗಳದ ಕೆಸರಿನಲ್ಲಿ ದಡದಡ ನಡೆದಳು. ಅತ್ತ ಕಡೆ ಗಂಡ ಇರಬೇಕು. ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದಳು:

‘ಜೇವರ್ಗಿಗಿ ಹೋಗಬ್ಯಾಡ್ರಿ! ಸಿಕ್ಕಾವ, ಆರೂ ಸಿಕ್ಕಾವ! ಕೂರಿಗಿ ಹೂಡ್ರಿ, ನಾ ಬರಾಕತ್ತೇನಿ!’